ಬರ್ಲಿನ್ನೋ, ಮ್ಯೂನಿಕ್ಕೋ? ಒಂದೇ ಒಲಿಂಪಿಕ್ ಅಂಗಳ ನೋಡೋದಾದರೆ

ಜರ್ಮನಿಗೆ ಹೊರಟಿದ್ದೀರಿ, ಕೈಯಲ್ಲಿರುವುದು ಒಂದೇ ದಿನ ಅಂದುಕೊಳ್ಳಿ.

ಬರ್ಲಿನ್‌ನದು 1936ರ ಸ್ಟೇಡಿಯಂ. ಹಿಟ್ಲರ್ ಸರ್ಕಾರ ಮೆರೆಯಲೆಂದೇ ಕಟ್ಟಿಸಿದ್ದು, ಸುತ್ತಲೂ ಬರೀ ಕಲ್ಲು. ಅಲ್ಲೇ ಅಮೆರಿಕದ ಕಪ್ಪು ಓಟಗಾರ ಜೆಸ್ಸಿ ಓವೆನ್ಸ್ 4 ಚಿನ್ನ ಗೆದ್ದರು. ಇಂದು ಪಕ್ಕದ ರಸ್ತೆಗೆ ಅವರದೇ ಹೆಸರು! ಬೋಲ್ಟ್ 9.58 ಸೆಕೆಂಡಿನಲ್ಲಿ 100 ಮೀಟರ್ ಓಡಿದ್ದೂ ಇಲ್ಲೇ, 2009ರಲ್ಲಿ. ಹೊರಗೆ ಆ ಒಲಿಂಪಿಕ್ಸ್‌ನ ಬಿರುಕು ಬಿಟ್ಟ ಹಳೇ ಗಂಟೆ ನೆಲದ ಮೇಲೆ ಕೂತಿದೆ, ಸುಮ್ನೆ ದಾಟಿ ಹೋಗಬೇಡಿ. ಇದು ಈಗಲೂ ಫುಟ್‌ಬಾಲ್ ಅಂಗಳ, ಪಂದ್ಯದ ದಿನ ನೋಡಿಕೊಂಡು ಹೋಗಿ.

ಮ್ಯೂನಿಕ್‌ನದು 1972ರದ್ದು, ಬರ್ಲಿನ್ ನೆನಪನ್ನು ಅಳಿಸಲೆಂದೇ ಹಗುರವಾಗಿ ಕಟ್ಟಿದ್ದು. ಜೇಡರ ಬಲೆಯಂಥ ಪಾರದರ್ಶಕ ಚಾವಣಿ. ಪಕ್ಕದ ಹಸಿರು ಗುಡ್ಡ ಯುದ್ಧದಲ್ಲಿ ಬಿದ್ದ ಮನೆಗಳ ಅವಶೇಷದ ರಾಶಿ! ಆ ಕೂಟದಲ್ಲೇ ಇಸ್ರೇಲ್ ತಂಡದ 11 ಜನ ಉಗ್ರರ ದಾಳಿಗೆ ಬಲಿಯಾದರು. ಅವರ ದೊಡ್ಡ ಸ್ಮಾರಕ ಆಗಿದ್ದು 2017ರಲ್ಲಿ, ಜಾಸ್ತಿನೇ ತಡ ಅಲ್ವಾ? ನಮ್ಮ ಕೊಡಗಿನ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ ಹಾಕಿ ಕಂಚು ಗೆದ್ದಿದ್ದೂ ಆಗಲೇ. 2005ರಲ್ಲಿ ಇಲ್ಲಿ ಆಡುತ್ತಿದ್ದ ಬಯರ್ನ್ ಫುಟ್‌ಬಾಲ್ ತಂಡ ಬೇರೆ ಸ್ಟೇಡಿಯಂಗೆ ಹೋಯಿತು. ಆದರೂ ಜಾಗ ಪಾಳು ಬೀಳಲಿಲ್ಲ. ಕ್ರೀಡಾಗ್ರಾಮದಲ್ಲಿ ವಿದ್ಯಾರ್ಥಿಗಳಿದ್ದಾರೆ, ಮಾರ್ಕ್ ಸ್ಪಿಟ್ಜ್ 7 ಚಿನ್ನ ಗೆದ್ದ ಕೊಳದಲ್ಲಿ ಊರಿನವರು ಈಜುತ್ತಾರೆ.

ಇತಿಹಾಸದ ಹುಚ್ಚಿದ್ದರೆ ಬರ್ಲಿನ್. ಮಕ್ಕಳಿದ್ದರೆ ಕಣ್ಣು ಮುಚ್ಚಿ ಮ್ಯೂನಿಕ್, ಗುಡ್ಡ ಹತ್ತಲು ಟಿಕೆಟ್ಟೂ ಬೇಡ.