ಪಿಸಿ ಪಾರ್ಟ್ಸ್ ಒಂದೊಂದಾಗಿ ಕೂಡಿಡಬೇಡಿ: ನನ್ನ 47,500 ರೂಪಾಯಿ ಕಥೆ

ಮೊದಲ ಸಲ ಗೇಮಿಂಗ್ ಪಿಸಿ ಮಾಡಿಕೊಳ್ಳಲು ಹೊರಟವರು ಇದನ್ನು ಓದಿ, ಆಮೇಲೆ ದುಡ್ಡು ತೆಗೆಯಿರಿ. ನಾನು 47,500 ರೂಪಾಯಿ ಹಾಕಿದೆ, ಏಳು ತಿಂಗಳು ಕಾದೆ. ಈಗ ನನ್ನ ಹತ್ತಿರ ಇರುವುದು ಅರ್ಧ ಮೆಮೊರಿಯಲ್ಲಿ ಓಡುವ ಪಿಸಿ. ತಪ್ಪು ಜಾಸ್ತಿ ನನ್ನದೇ.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಒಳಗೆ ಸಿಗುತ್ತದೆ. ಅಡಿಕೆ ಮಾರಿದರೆ ಕೈಯಲ್ಲಿ ದುಡ್ಡು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಪಾರ್ಟ್ಸ್ ಕೂಡ ದುಡ್ಡು ಬಂದ ಹಾಗೆ ತಗೊಂಡೆ. 2023ರ ದೀಪಾವಳಿ ಸೇಲ್‌ನಲ್ಲಿ ರೈಜನ್ 5 5600 ಪ್ರೊಸೆಸರ್. ಜನವರಿಯಲ್ಲಿ ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯಲ್ಲಿ ಬಿ450 ಮದರ್‌ಬೋರ್ಡ್. ರ‍್ಯಾಮ್ (ಮೆಮೊರಿ), ಎಸ್‌ಎಸ್‌ಡಿ (ಫೈಲ್ ಇಡುವ ಡ್ರೈವ್) ಆನ್‌ಲೈನ್‌ನಲ್ಲಿ. ಕ್ಯಾಬಿನೆಟ್, ಎಸ್‌ಎಂಪಿಎಸ್ (ಎಲ್ಲಕ್ಕೂ ಕರೆಂಟ್ ಕೊಡುವ ಡಬ್ಬ) ಶಿವಮೊಗ್ಗದಲ್ಲಿ. ಕೊನೆಗೆ ಜೂನ್‌ನಲ್ಲಿ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್. ಒಂದೊಂದಕ್ಕೂ ಕಡಿಮೆ ರೇಟ್ ಸಿಕ್ಕಿತು ಅಂತ ನನಗೆ ಭಾರೀ ಹೆಮ್ಮೆ.

ಬಾಕ್ಸ್‌ಗಳನ್ನೆಲ್ಲ ಅಮ್ಮ ಅಡಿಗೆಮನೆ ಅಟ್ಟದ ಮೇಲೆ ಇಟ್ಟಿದ್ದಳು. ಅಲ್ಲಿ ಬೆಚ್ಚಗಿರುತ್ತದೆ, ಬೂಷ್ಟು ಹಿಡಿಯುವುದಿಲ್ಲ ಅಂತ. ಅಪ್ಪ ಒಂದು ದಿನ ಕೇಳಿದರು, "ಎಂತದಾ ಅದು, ಸೀಲ್ ಸಹ ಒಡೆಯದೆ ಪೂಜೆಗೆ ಇಟ್ಟಿದೀಯಾ?" ನಾನು ನಕ್ಕೆ. ಅವರು ಕೇಳಿದ್ದೇ ಸರಿ ಇತ್ತು.

ಆನ್‌ಲೈನ್‌ನಲ್ಲಿ ತಗೊಂಡ ಸಾಮಾನಿಗೆ ವಾಪಸ್ ಕೊಡುವ ಅವಕಾಶ ಏಳೋ ಹತ್ತೋ ದಿನ ಇರುತ್ತದೆ. ಅಂಗಡಿಯವರು ಅಷ್ಟೂ ಕೊಡುವುದಿಲ್ಲ. ವಾರಂಟಿ ಲೆಕ್ಕವೂ ಬಿಲ್ ತಾರೀಖಿನಿಂದಲೇ, ನಾವು ಜೋಡಿಸಿದ ದಿನದಿಂದ ಅಲ್ಲ. ಅಟ್ಟದ ಮೇಲೆ ಕೂತೇ ನನ್ನ ಪ್ರೊಸೆಸರ್ ಏಳು ತಿಂಗಳ ವಾರಂಟಿ ತಿಂದಿತ್ತು. ನಡುವೆ ಟೆಸ್ಟ್ ಮಾಡೋಣ ಅಂದರೆ 5600ರ ಒಳಗೆ ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಬರುವ ತನಕ ಕಾಯಲೇಬೇಕು. 5600ಜಿ ಆಗಿದ್ದರೆ ಮಾನಿಟರ್ ನೇರ ಬೋರ್ಡಿಗೆ ಹಾಕಿ ನೋಡಬಹುದಿತ್ತು. ಕೊನೆಯ ಆ ಒಂದು ಅಕ್ಷರ ನೋಡಿ ತಗೊಳ್ಳಿ.

ಜೂನ್‌ನಲ್ಲಿ ಹೊರಗೆ ಜಡಿಮಳೆ. ಒಳಗೆ ಕೂತು ವಿಡಿಯೋ ನೋಡುತ್ತಾ ಆರು ಗಂಟೆ ಹಿಡಿದು ಜೋಡಿಸಿದೆ. ಬಟನ್ ಒತ್ತಿದರೆ ಫ್ಯಾನ್ ತಿರುಗಿತು, ಲೈಟ್ ಬಂತು. ಪರದೆ ಮಾತ್ರ ಕಪ್ಪು.

ಕಾರಣ ಸಣ್ಣದು, ನನಗೆ ಆಗ ಗೊತ್ತಿರಲಿಲ್ಲ. ಬಿ450 ಬೋರ್ಡ್‌ಗಳು ಬಂದಿದ್ದು 2018ರಲ್ಲಿ, 5600 ಬಂದಿದ್ದು 2022ರಲ್ಲಿ. ಬೋರ್ಡಿನ ಬಯೋಸ್ (ಆನ್ ಮಾಡಿದ ಕೂಡಲೇ ಓಡುವ ಬೋರ್ಡಿನದೇ ಸಾಫ್ಟ್‌ವೇರ್) ಹಳೆಯದಾಗಿದ್ದರೆ ಅದಕ್ಕೆ ಈ ಪ್ರೊಸೆಸರ್ ಗುರುತೇ ಸಿಗುವುದಿಲ್ಲ. ಬೋರ್ಡಿನ ಬಾಕ್ಸ್ ಮೇಲೆ 'ರೈಜನ್ 5000 ಡೆಸ್ಕ್‌ಟಾಪ್ ರೆಡಿ' ಅನ್ನುವ ಸ್ಟಿಕ್ಕರ್ ಇದೆಯಾ ನೋಡಿ. ನನ್ನದರಲ್ಲಿ ಇರಲಿಲ್ಲ. ಯಾವ ಪ್ರೊಸೆಸರ್‌ಗೆ ಯಾವ ಬಯೋಸ್ ಬೇಕು ಅಂತ ಬೋರ್ಡ್ ಕಂಪನಿಯ ವೆಬ್‌ಸೈಟಿನಲ್ಲೂ ಪಟ್ಟಿ ಇರುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ಬಯೋಸ್ ಅಪ್‌ಡೇಟ್ ಮಾಡುವ ಬಟನ್ ಇರುತ್ತದೆ. ಸ್ವಲ್ಪ ದುಡ್ಡು ಜಾಸ್ತಿಯಾದರೂ ಅಂಥದ್ದನ್ನೇ ತಗೊಳ್ಳಿ.

ಬೋರ್ಡ್ ಕೊಟ್ಟವನಿಗೆ ಫೋನ್ ಮಾಡಿದೆ. "ಬೋರ್ಡ್ ಚೆನ್ನಾಗಿತ್ತು ಸಾರ್, ಪ್ರೊಸೆಸರ್ ಚೆಕ್ ಮಾಡ್ಸಿ." ಪ್ರೊಸೆಸರ್ ಮಾರಿದವರಿಗೆ ಕೇಳಿದರೆ, ನಮ್ಮ ಅವಧಿ ಮುಗಿದಿದೆ, ಕಂಪನಿಗೆ ಬರೆಯಿರಿ ಅಂದರು. ಎಸ್‌ಎಂಪಿಎಸ್ ಕೊಟ್ಟವನು ರ‍್ಯಾಮ್ ಮೇಲೆ ತಪ್ಪು ಹಾಕಿದ. ಆರು ಕಡೆ ಆರು ಬಿಲ್, ಅದರಲ್ಲೂ ಎರಡು ಬರೀ ಚೀಟಿ. ಒಂದೇ ಅಂಗಡಿಯಲ್ಲಿ ತಗೊಂಡಿದ್ದರೆ ಅವನ ಟೇಬಲ್ ಮೇಲೆ ತಂದಿಟ್ಟು "ನೀನೇ ನೋಡು ಮಾರಾಯ" ಅನ್ನಬಹುದಿತ್ತು.

ಸರಿ, ನಾನೇ ನೋಡುತ್ತೇನೆ ಅಂತ ಪ್ರೊಸೆಸರ್ ಮೇಲೆ ಕೂರುವ ಕೂಲರ್ (ಅದನ್ನು ತಣ್ಣಗಿಡುವ ಫ್ಯಾನ್) ಬಿಚ್ಚಲು ಹೋದೆ. ನಾಲ್ಕು ಸ್ಕ್ರೂ ತೆಗೆದು ಮೇಲಕ್ಕೆ ಎಳೆದೆ. ಬರಲಿಲ್ಲ. ಇನ್ನೊಂದು ಸಲ ಜೋರಾಗಿ ಎಳೆದೆ. 'ಪಟ್' ಅಂತ ಸದ್ದು. ಕೂಲರ್ ಕೈಗೆ ಬಂತು, ಪ್ರೊಸೆಸರ್ ಅದರ ತಳಕ್ಕೆ ಅಂಟಿಕೊಂಡೇ ಬಂತು. ಬೋರ್ಡಿನಲ್ಲಿ ಪ್ರೊಸೆಸರ್ ಹಿಡಿದಿಡುವ ಲಾಕ್ ಹಾಕಿದ್ದ ಹಾಗೇ ಇತ್ತು.

ಎಎಂ4 ಅನ್ನುವ ಸಾಕೆಟ್‌ಗೆ ಕೂರುವ ನನ್ನಂಥ ಪ್ರೊಸೆಸರ್‌ಗಳಲ್ಲಿ ಪಿನ್‌ಗಳು ಇರುವುದು ಬೋರ್ಡಿನಲ್ಲಲ್ಲ, ಪ್ರೊಸೆಸರಿನ ಹೊಟ್ಟೆಯಲ್ಲಿ. 1331 ಪಿನ್, ಒಂದೊಂದೂ ಕೂದಲೆಳೆ. ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸಲು ಅದರ ಜೊತೆ ಬರುವ ಪೇಸ್ಟ್ ಚಳಿಗೆ ಗೋಂದಿನ ಹಾಗೆ ಹಿಡಿದಿತ್ತು. ಅದನ್ನು ಹೀಗೆ ಎಳೆಯಲೇಬಾರದಂತೆ. ಪಿಸಿ ಓಡುತ್ತಿದ್ದರೆ ಹತ್ತು ನಿಮಿಷ ಏನಾದರೂ ಆಡಿ ಬಿಸಿ ಮಾಡಬೇಕು. ಓಡದಿದ್ದರೆ ಹೇರ್ ಡ್ರೈಯರ್‌ನಿಂದ ಕೂಲರಿಗೆ ಹದವಾಗಿ ಬಿಸಿಗಾಳಿ ಕೊಡಬೇಕು. ಆಮೇಲೆ ಎಡಕ್ಕೆ ಬಲಕ್ಕೆ ನಿಧಾನ ತಿರುಗಿಸಿ ಬಿಡಿಸಬೇಕು, ಬರಣಿ ಮುಚ್ಚಳ ಸಡಿಲಿಸುವ ಹಾಗೆ. ನಾನು ನೋಡಿದ ಯಾವ ವಿಡಿಯೋದಲ್ಲೂ ಇದನ್ನು ಹೇಳಿರಲಿಲ್ಲ. ಜೋಡಿಸುವುದನ್ನು ಎಲ್ಲರೂ ತೋರಿಸುತ್ತಾರೆ, ಬಿಚ್ಚುವುದನ್ನು ಯಾರೂ ತೋರಿಸುವುದಿಲ್ಲ.

ಏಳು ಪಿನ್ ಬಗ್ಗಿದ್ದವು. ತೀರ್ಥಹಳ್ಳಿಯಲ್ಲಿ ಮೊಬೈಲ್ ರಿಪೇರಿ ಮಾಡುವ ಹುಡುಗ ಬ್ಲೇಡ್ ಹಿಡಿದು ಒಂದೊಂದನ್ನೇ ನೆಟ್ಟಗೆ ಮಾಡಿದ. ಆರು ಸರಿಯಾದವು, ಏಳನೆಯದು ಮುರಿಯಿತು. ಅವನನ್ನು ಬೈಯುವ ಹಾಗಿಲ್ಲ, ಮೊದಲೇ ಹೇಳಿದ್ದ. ಆಮೇಲೆ ಶಿವಮೊಗ್ಗದಲ್ಲಿ ಒಬ್ಬರು ಹಳೆ ಪ್ರೊಸೆಸರ್ ಹಾಕಿ ಬಯೋಸ್ ಅಪ್‌ಡೇಟ್ ಮಾಡಿಕೊಟ್ಟರು. ತಗೊಂಡಿದ್ದು 500 ರೂಪಾಯಿ, ಆಗಿದ್ದು ಇಪ್ಪತ್ತು ನಿಮಿಷ. ನನ್ನ ಪ್ರೊಸೆಸರ್ ವಾಪಸ್ ಕೂರಿಸಿದರೆ ಡಿಸ್ಪ್ಲೇ ಬಂತು. ಆದರೆ 16 ಜಿಬಿ ಇರಬೇಕಾದಲ್ಲಿ 8 ತೋರಿಸುತ್ತಿತ್ತು. ಮುರಿದ ಪಿನ್ ಒಂದು ಮೆಮೊರಿ ಚಾನೆಲ್‌ದು, ಅಂದರೆ ಎರಡು ರ‍್ಯಾಮ್ ಸ್ಟಿಕ್‌ಗಳಲ್ಲಿ ಒಂದಕ್ಕೆ ಹೋಗುವ ದಾರಿಯದು. ಪಿನ್ ಮುರಿದರೆ ಅದು ನಮ್ಮ ಕೈಯಿಂದ ಆದ ಡ್ಯಾಮೇಜ್, ವಾರಂಟಿಗೆ ಬರುವುದಿಲ್ಲ.

ಎಸ್‌ಎಂಪಿಎಸ್ ವಿಷಯದಲ್ಲೂ ಪೆಟ್ಟು ತಿಂದೆ. 1,400 ರೂಪಾಯಿಗೆ '500 ವ್ಯಾಟ್' ಅಂತ ಕೊಟ್ಟಿದ್ದರು. ಕರೆಂಟ್ ಪೋಲು ಮಾಡುವುದಿಲ್ಲ ಅಂತ ಹೇಳುವ 80 ಪ್ಲಸ್ ಗುರುತಿಲ್ಲ, ಗ್ರಾಫಿಕ್ಸ್ ಕಾರ್ಡಿಗೆ ಬೇಕಾದ ಎಂಟು ಪಿನ್ ವೈರೂ ಇಲ್ಲ, ಬದಲಿಗೆ ಬೇರೆ ವೈರನ್ನು ಅದಕ್ಕೆ ಹೊಂದಿಸುವ ಒಂದು ಕನ್ವರ್ಟರ್. ಆರ್‌ಎಕ್ಸ್ 6600 ಎಳೆಯುವುದು 132 ವ್ಯಾಟ್. ಕಾರ್ಡ್ ಕೂರುವ ಬೋರ್ಡಿನ ಸ್ಲಾಟ್ ಕೊಡುವುದು ಹೆಚ್ಚೆಂದರೆ 75. ಉಳಿದದ್ದೆಲ್ಲ ಆ ಕನ್ವರ್ಟರ್ ಮೂಲಕ. ಎರಡನೇ ಸಂಜೆಗೇ ಪ್ಲಾಸ್ಟಿಕ್ ಸುಟ್ಟ ವಾಸನೆ. ನಾಲ್ಕು ಸಾವಿರ ಕೊಟ್ಟು ಬೇರೆ ತಂದೆ.

ಇನ್ನೊಂದು, ಹಳೇ ಮನೆಯವರು ಅರ್ಥಿಂಗ್ ನೋಡಿಕೊಳ್ಳಿ. ನಮ್ಮಲ್ಲಿ ಪ್ಲಗ್‌ಗೆ ಮೂರು ತೂತಿತ್ತು, ಮೂರನೆಯದಕ್ಕೆ ವೈರೇ ಇರಲಿಲ್ಲ. ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುತ್ತಿತ್ತು. ಅರ್ಥಿಂಗ್ ಇಲ್ಲದಿದ್ದರೆ ಎಸ್‌ಎಂಪಿಎಸ್ ಒಳಗಿನ ಫಿಲ್ಟರಿನಿಂದ ಸ್ವಲ್ಪ ಕರೆಂಟ್ ಹೊರಗಿನ ತಗಡಿಗೆ ಬರುತ್ತದೆ. ಗುಡುಗು ಶುರುವಾದರೆ ಪ್ಲಗ್ ಜೊತೆ ಇಂಟರ್ನೆಟ್ ವೈರನ್ನೂ ಕಿತ್ತಿಡಿ. ನಮ್ಮ ಕಡೆ ಏಪ್ರಿಲ್, ಮೇ ಸಿಡಿಲು ಹೇಗೆ ಅಂತ ಗೊತ್ತಲ್ವಾ.

ಸಾಗರದಲ್ಲಿರುವ ನನ್ನ ಭಾವನ ತಮ್ಮ ಈಗ ಪಿಸಿ ಮಾಡಿಸಬೇಕು ಅಂತಿದ್ದಾನೆ. ಪ್ರೊಸೆಸರ್‌ಗೆ ಆಫರ್ ಇದೆ, ಈಗಲೇ ತಗೊಳ್ಳಲಾ ಅಂತ ಕೇಳಿದ. ಬೇಡ ಅಂದೆ. ದುಡ್ಡು ಬ್ಯಾಂಕಿನಲ್ಲೇ ಇರಲಿ, ಪೂರ್ತಿ ಆದ ಮೇಲೆ ಒಂದೇ ವಾರದಲ್ಲಿ ಎಲ್ಲ ತಗೋ, ಎರಡು ದಿನದಲ್ಲಿ ಆನ್ ಮಾಡು. ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಇಲ್ಲದೆ ಅಂಗಡಿಯಿಂದ ಇಳಿಯಬೇಡ. ಬೋರ್ಡ್ ತಗೊಂಡ ಕಡೆಯೇ ಪ್ರೊಸೆಸರ್ ಕೂರಿಸಿ ಡಿಸ್ಪ್ಲೇ ತೋರಿಸಲು ಹೇಳು. 18% ತೆರಿಗೆ ಉಳಿಯುತ್ತದೆ ಅಂತ ಅವನು ಚೀಟಿ ಬಿಲ್ ಬಗ್ಗೆ ಇನ್ನೂ ಯೋಚಿಸುತ್ತಿದ್ದಾನೆ. ಮುಂದಿನ ಸಲ ಬಂದಾಗ ಅವನಿಗೆ ನನ್ನ ಎರಡನೇ ರ‍್ಯಾಮ್ ಸ್ಟಿಕ್ ತೋರಿಸಬೇಕು. ಅದು ವಾಪಸ್ ಅಟ್ಟ ಹತ್ತಿದೆ.