ಸ್ಕೋಡಾ ಆಕ್ಟೇವಿಯಾ ಆರ್‌ಎಸ್ (2004): ಹದಿಮೂರು ಮಳೆಗಾಲಗಳ ಲೆಕ್ಕ

ಪೆಟ್ರೋಲ್ ಬಂಕಿಗೆ ಹೋದಾಗಲೆಲ್ಲ ನಾನು ಮೊದಲು ಕಾರಿನಿಂದ ಇಳಿದು ಟ್ಯಾಂಕಿನ ಮುಚ್ಚಳದ ಪಕ್ಕ ನಿಂತುಕೊಳ್ಳುತ್ತೇನೆ. ಬಂಕಿನ ಹುಡುಗ ಕಾರನ್ನು ಒಮ್ಮೆ ನೋಡುತ್ತಾನೆ, ಕೈ ತಾನಾಗಿ ಡೀಸೆಲ್ ಪೈಪಿನ ಕಡೆ ಹೋಗುತ್ತದೆ. ಅವನ ತಪ್ಪಲ್ಲ. ನಮ್ಮ ರಸ್ತೆಗಳಲ್ಲಿ ಓಡಿದ ಹಳೆಯ ಆಕ್ಟೇವಿಯಾಗಳಲ್ಲಿ ಬಹುಪಾಲು 1.9 ಲೀಟರಿನ ಡೀಸೆಲ್ ಗಾಡಿಗಳು. ಗ್ರಿಲ್ಲಿನ ಮೂಲೆಯಲ್ಲಿರುವ ಹೆಬ್ಬೆರಳಿನಷ್ಟು ಲಾಂಛನವನ್ನು ನೋಡಿ ಇದು ಪೆಟ್ರೋಲ್ ಕುಡಿಯುವ ಬೇರೆ ಜಾತಿ ಎಂದು ಗುರುತಿಸುವವರು ವರ್ಷಕ್ಕೆ ಒಬ್ಬಿಬ್ಬರು ಸಿಗುತ್ತಾರೆ. ಸಿಕ್ಕಿದವರು ಅರ್ಧ ಗಂಟೆ ಬಿಡುವುದಿಲ್ಲ.

2001ರಲ್ಲಿ ಸ್ಕೋಡಾ ಭಾರತಕ್ಕೆ ಬಂದಾಗ ಜೊತೆಗೆ ತಂದ ಮೊದಲ ಕಾರು ಆಕ್ಟೇವಿಯಾ. 2004ರಲ್ಲಿ ಅದರ ಆರ್‌ಎಸ್ ಬಂತು: 1,781 ಸಿಸಿ, ನಾಲ್ಕು ಸಿಲಿಂಡರ್, ಒಂದೊಂದಕ್ಕೂ ಐದೈದು ವಾಲ್ವ್, ಮೇಲೆ ಗಾಳಿಯನ್ನು ಒತ್ತಿ ಒಳಗೆ ನೂಕುವ ಒಂದು ಟರ್ಬೊ, 150 ಅಶ್ವಶಕ್ತಿ, ಐದು ಗೇರ್. ಇದೇ ಹೆಸರಿನ ಕಾರಿಗೆ ಯುರೋಪಿನಲ್ಲಿ 180 ಅಶ್ವಶಕ್ತಿ ಕೊಟ್ಟಿದ್ದರು. ನಮಗೆ ಬಂದದ್ದು ಒಂದು ಮೆಟ್ಟಿಲು ಕೆಳಗಿನದು. ಆರ್‌ಎಸ್ ಎಂದರೆ ರ‍್ಯಾಲಿ ಸ್ಪೋರ್ಟ್. 1977ರ ಮಾಂಟೆ ಕಾರ್ಲೊ ರ‍್ಯಾಲಿಯಲ್ಲಿ ತನ್ನ ವರ್ಗದಲ್ಲಿ ಗೆದ್ದ 130 ಆರ್‌ಎಸ್ ಈ ಮನೆತನದ ಹಿರಿಯಣ್ಣ.

ನಾನು ಕೊಂಡದ್ದು 2012ರಲ್ಲಿ, ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರೊಬ್ಬರಿಂದ. ಓಡಿದ್ದು 71,000 ಕಿಲೋಮೀಟರ್, ಕೊಟ್ಟದ್ದು 3.4 ಲಕ್ಷ. ದುಡ್ಡು ಎಣಿಸಿಕೊಂಡ ಮೇಲೆ ಆ ಯಜಮಾನರು ಕೀಲಿ ಕೊಡುತ್ತಾ ಹೇಳಿದ್ದು ಒಂದೇ ಮಾತು: "ನಿಲ್ಲಿಸಿದ ಕೂಡಲೇ ಆಫ್ ಮಾಡಬೇಡಿ, ಒಂದು ನಿಮಿಷ ಉಸಿರಾಡಲು ಬಿಡಿ." ಘಾಟಿ ಹತ್ತಿ ಬಂದ ಟರ್ಬೊ ಕೆಂಡದಂತೆ ಕಾದಿರುತ್ತದೆ. ಆ ಕ್ಷಣಕ್ಕೇ ಎಂಜಿನ್ ನಿಲ್ಲಿಸಿದರೆ ಅದರ ಬೇರಿಂಗಿನಲ್ಲಿ ನಿಂತ ಆಯಿಲ್ ಸುಟ್ಟು ಕರಿ ಕಟ್ಟುತ್ತದೆ. ಇವತ್ತು ಓಡೋಮೀಟರ್ 1,86,000 ದಾಟಿದೆ, ಅದೇ ಟರ್ಬೊ ಇನ್ನೂ ಸುತ್ತುತ್ತಿದೆ. ಆ ಒಂದು ನಿಮಿಷದಲ್ಲಿ ನಾನು ಸೀಟಿನಲ್ಲೇ ಕುಳಿತು ಫೋನಿನ ಸಂದೇಶ ನೋಡುತ್ತೇನೆ. ಅಕ್ಕಪಕ್ಕದವರಿಗೆ ನನಗೆ ಮನೆಯೊಳಗೆ ಹೋಗಲು ಮನಸ್ಸಿಲ್ಲ ಎಂಬ ಗುಮಾನಿ ಇದೆ.

ಓಡಿಸುವ ಸುಖದ ಬಗ್ಗೆ ಹೇಳಬೇಕಲ್ಲ. ನಾನಿರುವುದು ಮೈಸೂರು, ಊರು ಪುತ್ತೂರು. ತಿಂಗಳಿಗೊಮ್ಮೆ ಹುಣಸೂರು, ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿದು ಹತ್ತುತ್ತೇನೆ. ಈ ಎಂಜಿನ್ನಿನ ಗುಣವೆಲ್ಲ ಹತ್ತುವಾಗಲೇ ತಿಳಿಯುವುದು. ಚಕ್ರ ತಿರುಗಿಸುವ ಬಲ, ಅಂದರೆ 210 ನ್ಯೂಟನ್ ಮೀಟರ್ ಟಾರ್ಕ್, 1,750 ಆರ್‌ಪಿಎಂಗೇ ಪೂರ್ತಿ ಸಿಕ್ಕಿಬಿಡುತ್ತದೆ. ಮೂರನೇ ಗೇರಿನಲ್ಲಿ ಬಸ್ಸಿನ ಹಿಂದೆ ತೆವಳುತ್ತಿರುವಾಗ ಎದುರು ರಸ್ತೆ ಖಾಲಿ ಕಂಡರೆ ಗೇರ್ ಇಳಿಸುವ ಗೋಜಿಲ್ಲ. ಕಾಲು ಒತ್ತಿದರೆ ಅರೆಗಳಿಗೆ ಯೋಚಿಸಿದಂತೆ ಮಾಡಿ, ಆಮೇಲೆ ಸಣ್ಣ ಸಿಳ್ಳಿನೊಂದಿಗೆ ಬೆನ್ನನ್ನು ಸೀಟಿಗೆ ಒತ್ತಿ ಹಿಡಿಯುತ್ತದೆ. ಆ ಅರೆಗಳಿಗೆಯ ತಡೆ ಹೊಸ ಕಾರುಗಳಲ್ಲಿ ಬಹುಮಟ್ಟಿಗೆ ಮಾಯವಾಗಿದೆ. ನನಗೆ ಅದೇ ಇಷ್ಟ.

ಹಾಗೆಂದು ಇದು ರಾಕೆಟ್ ಎಂದು ನಂಬಿ ಕೊಳ್ಳಲು ಹೊರಡಬೇಡಿ. ಇದೇ ಕಂಪನಿಯ ಇಂದಿನ ಒಂದೂವರೆ ಲೀಟರಿನ ಟರ್ಬೊ ಎಂಜಿನ್ ಕೂಡ 150 ಅಶ್ವಶಕ್ತಿಯನ್ನೇ ಕೊಡುತ್ತದೆ, ಟಾರ್ಕ್ 250. ಮಾಲ್‌ಗೆ ತರಕಾರಿ ತರಲು ಹೋಗುವ ಎಸ್‌ಯುವಿ ನನ್ನ ರ‍್ಯಾಲಿ ಸ್ಪೋರ್ಟನ್ನು ಸಿಗ್ನಲ್ಲಿನಲ್ಲಿ ಹಿಂದೆ ಹಾಕಬಲ್ಲದು. ಬೆಂಗಳೂರು ಹೆದ್ದಾರಿಯಲ್ಲಂತೂ 100ರ ಮಿತಿ, ಕಂಬಕಂಬಕ್ಕೂ ಕ್ಯಾಮೆರಾ. ಅಲ್ಲಿ ಆರ್‌ಎಸ್ ಆದರೇನು, ಆಲ್ಟೊ ಆದರೇನು.

ಈಗ ನಿರ್ವಹಣೆ. ಹದಿಮೂರು ವರ್ಷಗಳಲ್ಲಿ ನನಗೆ ಅರ್ಥವಾದದ್ದು ಇಷ್ಟು: ಈ ಕಾರಿನಲ್ಲಿ ಕಬ್ಬಿಣ ಕೈಕೊಡುವುದಿಲ್ಲ. ಎಂಜಿನ್ ಬ್ಲಾಕ್, ಗೇರ್ ಬಾಕ್ಸ್, ಬಾಡಿ ಮೂರೂ ಕಲ್ಲುಗುಂಡಿನಂತಿವೆ. ಮುಪ್ಪಾಗುವುದು ರಬ್ಬರು, ಪ್ಲಾಸ್ಟಿಕ್ಕು, ವೈರಿನ ಹೊದಿಕೆ. ಇಪ್ಪತ್ತು ವರ್ಷ ಬಿಸಿ ತಿಂದ ರಬ್ಬರ್ ಪೈಪು ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ಬೆರಳಿನಿಂದ ಹಿಂಡಿದರೆ ಹಪ್ಪಳದಂತೆ ಮುರಿಯುತ್ತದೆ. ಕೊಳ್ಳುವವರು ಬಣ್ಣ ನೋಡುತ್ತಾರೆ, ಸೀಟು ನೋಡುತ್ತಾರೆ, ಕಿಲೋಮೀಟರ್ ನೋಡುತ್ತಾರೆ. ನೋಡಬೇಕಾದದ್ದು ಈ ಪೈಪುಗಳನ್ನು.

2017ರಲ್ಲಿ ನನ್ನ ಕಾರಿಗೆ ಒಂದು ವಿಚಿತ್ರ ಕಾಯಿಲೆ ಬಂತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಚಳಿಗೆ ನಡುಗಿದಂತೆ ನಡುಗುವುದು, ಸಿಗ್ನಲ್ಲಿನಲ್ಲಿ ನಿಂತರೆ ಆರ್‌ಪಿಎಂ ಏರುವುದು, ಇಳಿಯುವುದು. ಒಂದು ದೊಡ್ಡ ವರ್ಕ್‌ಶಾಪಿಗೆ ಒಯ್ದೆ. ಕಂಪ್ಯೂಟರ್ ಜೋಡಿಸಿ ನೋಡಿ ಗಾಳಿ ಅಳೆಯುವ ಸೆನ್ಸರ್ ಬದಲಿಸಿದರು. ಗುಣವಾಗಲಿಲ್ಲ. ಆಕ್ಸಿಜನ್ ಸೆನ್ಸರ್ ಬದಲಿಸಿದರು. ಆಗಲೂ ಇಲ್ಲ. ಮೂರನೇ ಸಲ ಹೋದಾಗ ಎಂಜಿನ್ ಕಂಪ್ಯೂಟರನ್ನೇ ಬದಲಿಸಬೇಕು ಎಂದರು. ಆ ಹೊತ್ತಿಗೆ ಬಿಲ್ಲು 31,000 ಮುಟ್ಟಿತ್ತು.

ಅಲ್ಲಿಂದ ಕಾರನ್ನು ಹೊರಡಿಸಿಕೊಂಡು ಬನ್ನಿಮಂಟಪದ ಕಡೆಯ ಒಂದು ತಗಡಿನ ಶೆಡ್ಡಿಗೆ ಹೋದೆ. ಅಲ್ಲಿನ ಮೇಸ್ತ್ರಿಗೆ ಆಗಲೇ ಅರವತ್ತು ದಾಟಿತ್ತು, ಅಂಬಾಸಿಡರಿನಲ್ಲಿ ಕೈ ಪಳಗಿಸಿಕೊಂಡವರು. ಬಾನೆಟ್ ಎತ್ತಿ, ಎಂಜಿನ್ ಓಡುತ್ತಿರುವಂತೆಯೇ ಐದು ನಿಮಿಷ ಸುಮ್ಮನೆ ಕಿವಿಗೊಟ್ಟರು. ಆಮೇಲೆ ಒಳಗೆ ಹೋಗಿ ದೇವರ ಫೋಟೊ ಮುಂದಿನಿಂದ ಒಂದು ಉರಿಯುವ ಅಗರಬತ್ತಿ ತಂದರು. ನಾನು ಪೂಜೆಗೇನೋ ಎಂದುಕೊಂಡೆ. ಅವರು ಅದನ್ನು ಪೆಟ್ರೋಲ್ ಪೈಪಿನ ಕಡೆಯಿಂದ ದೂರವಾಗಿ ಹಿಡಿದು, ಎಂಜಿನ್ನಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿನ ಅಡಿಯಲ್ಲಿ ನಿಧಾನವಾಗಿ ಆಡಿಸತೊಡಗಿದರು. ಹೊಗೆ ನೇರವಾಗಿ ಮೇಲೇಳುತ್ತಿತ್ತು. ಒಂದು ಜಾಗಕ್ಕೆ ಬಂದಾಗ ಮಾತ್ರ ಎಳೆ ಬಾಗಿತು, ಯಾರೋ ಒಳಗಿನಿಂದ ಹೀರಿದಂತೆ ಒಂದು ಕಪ್ಪು ಪೈಪಿನ ಕೆಳಗೆ ನುಗ್ಗಿ ಮಾಯವಾಯಿತು. "ಇಲ್ಲಿ ಕಳ್ಳ ಇದ್ದಾನೆ ಸಾರ್" ಎಂದರು. ಎಂಜಿನ್ನಿನ ಆವಿಯನ್ನು ಮತ್ತೆ ಒಳಗೆ ಕಳಿಸುವ ರಬ್ಬರ್ ಪೈಪು ಅಡಿಭಾಗದಲ್ಲಿ, ಮೇಲಿನಿಂದ ಕಾಣದ ಕಡೆ, ಉಗುರಿನಷ್ಟು ಸೀಳಿತ್ತು. ಅಲ್ಲಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತಿತ್ತು, ಕಂಪ್ಯೂಟರ್ ಅದಕ್ಕೆ ತಕ್ಕಂತೆ ಪೆಟ್ರೋಲ್ ಹೊಂದಿಸಲು ಹೆಣಗುತ್ತಿತ್ತು. ಪೈಪಿಗೆ 1,800, ಕೂಲಿ 600. ಅಂದಿನಿಂದ ಕಾರು ಆ ಶೆಡ್ಡಿನದು.

ಅದೇ ದೊಡ್ಡ ವರ್ಕ್‌ಶಾಪಿನವರು ಮಾಡಿದ ಇನ್ನೊಂದು ಘನಕಾರ್ಯವೂ ಹೊರಬಿತ್ತು. ಎಂಜಿನ್ನನ್ನು ತಂಪಾಗಿಡಲು ಈ ಕಾರಿಗೆ ಗುಲಾಬಿ ಬಣ್ಣದ ಕೂಲಂಟ್ ಹಾಕಬೇಕು. ಕಡಿಮೆಯಾಗಿದೆ ಎಂದು ಅವರು ಹಸಿರು ಬಣ್ಣದ್ದನ್ನು ಸುರಿದಿದ್ದರು. ಎರಡೂ ಕೂಡಿದರೆ ಗಸಿ ಕಟ್ಟುತ್ತದೆ. ಡಬ್ಬದ ಮುಚ್ಚಳ ತೆಗೆದರೆ ಚಿಕೋರಿ ಹೆಚ್ಚಾದ ಕಾಫಿಯ ಬಣ್ಣ. ಮೂರು ಸಲ ತೊಳೆಯಬೇಕಾಯಿತು. ಈಗ ಬಾನೆಟ್ಟಿನ ಒಳಗೆ "ಗುಲಾಬಿ ಮಾತ್ರ" ಎಂದು ಕನ್ನಡದಲ್ಲಿ ಬರೆದು ಅಂಟಿಸಿದ್ದೇನೆ.

ಪಿಸ್ಟನ್, ವಾಲ್ವ್‌ಗಳ ತಾಳ ತಪ್ಪದಂತೆ ನೋಡಿಕೊಳ್ಳುವ ಟೈಮಿಂಗ್ ಬೆಲ್ಟ್ ವಿಚಾರದಲ್ಲಿ ಮಾತ್ರ ಯಾರ ಮಾತಿಗೂ ಜಗ್ಗಬೇಡಿ. ಬೆಲ್ಟ್ ಹರಿದರೆ ಮೇಲೆ ಬರುವ ಪಿಸ್ಟನ್ ತೆರೆದ ವಾಲ್ವಿಗೆ ಗುದ್ದುತ್ತದೆ, ಇಲ್ಲಿ ವಾಲ್ವ್‌ಗಳು ಇಪ್ಪತ್ತು. ನಾನು 60,000 ಕಿಲೋಮೀಟರಿಗೆ ಕಾಯುವುದಿಲ್ಲ, ಓಡಲಿ ಬಿಡಲಿ ಐದು ವರ್ಷಕ್ಕೆ ಬದಲಿಸುತ್ತೇನೆ. ಜೊತೆಗೆ ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಷನರ್, ವಾಟರ್ ಪಂಪು. ಹಳೆಯ ಪಂಪುಗಳ ಒಳಗಿನ ಚಕ್ರ ಪ್ಲಾಸ್ಟಿಕ್ಕಿನದು, ಕೊಳ್ಳುವಾಗ ಲೋಹದ ಚಕ್ರವಿರುವುದನ್ನು ಕೇಳಿ ಪಡೆಯಬೇಕು. ಕಳೆದ ಸಲ ಎಲ್ಲ ಸೇರಿ 28,000 ಆಯಿತು. ಆಯಿಲ್ ಪೂರ್ತಿ ಸಿಂಥೆಟಿಕ್, 7,500 ಕಿಲೋಮೀಟರಿಗೊಮ್ಮೆ. ಇದರಲ್ಲಿ ಉಳಿತಾಯ ಮಾಡುವವರು ಬೇರೆ ಕಾರು ಕೊಳ್ಳುವುದು ಒಳ್ಳೆಯದು.

ಕಿಡಿ ಹೊತ್ತಿಸಲು ಕರೆಂಟು ಕೊಡುವ ಕಾಯಿಲ್ ಪ್ಯಾಕ್ ಸಿಲಿಂಡರಿಗೊಂದರಂತೆ ನಾಲ್ಕಿವೆ. ಈ ಎಂಜಿನ್ ಇರುವವರೆಲ್ಲ ಒಂದನ್ನು ಡಿಕ್ಕಿಯಲ್ಲಿ ಇಟ್ಟುಕೊಂಡಿರುತ್ತಾರೆ, ನಾನೂ ಇಟ್ಟಿದ್ದೇನೆ. 2021ರ ಜುಲೈನಲ್ಲಿ ಸಂಪಾಜೆಯ ಮೇಲೆ, ಮಳೆ ಹನಿ ಕಡಿಯದ ಒಂದು ಸಂಜೆ, ಎಂಜಿನ್ ದೀಪ ಮಿಣುಕತೊಡಗಿ ಕಾರು ಕುಂಟಿತು. ಅಮ್ಮ ಹಿಂದಿನ ಸೀಟಿನಿಂದ ಕೊಡೆ ಚಾಚಿದರು. ಹತ್ತು ನಿಮಿಷದ ಕೆಲಸ: ಮುಚ್ಚಳ ತೆಗೆಯುವುದು, ಒಂದೊಂದಾಗಿ ಕಾಯಿಲ್‌ಗಳ ವೈರಿನ ಪ್ಲಗ್ ಕಿತ್ತು ಯಾವುದನ್ನು ಕಿತ್ತಾಗ ಸದ್ದು ಬದಲಾಗುವುದಿಲ್ಲ ಎಂದು ನೋಡುವುದು, ಅದನ್ನು ತೆಗೆದು ಹೊಸದನ್ನು ಒತ್ತುವುದು. ಮನೆ ಮುಟ್ಟಿದ ಮೇಲೆ ಅಮ್ಮ ಎಲ್ಲರಿಗೂ ಹೇಳಿದ್ದು ತಾನು ಕೊಡೆ ಹಿಡಿದದ್ದರಿಂದಲೇ ಕಾರು ಹೊರಟಿತೆಂದು.

ಅಮ್ಮನಿಗೆ ಈ ಕಾರಿನ ಮೇಲೆ ಪ್ರೀತಿ ಬರಲು ಕಾರಣ ಟರ್ಬೊ ಅಲ್ಲ, ಡಿಕ್ಕಿ. ನೋಡಲು ಸೆಡಾನ್, ಆದರೆ ಹಿಂದಿನ ಗಾಜಿನ ಸಮೇತ ಇಡೀ ಬಾಗಿಲು ಮೇಲೇಳುತ್ತದೆ. 528 ಲೀಟರ್ ಜಾಗ. ಮೇ ತಿಂಗಳಲ್ಲಿ ಮೂರು ಹಲಸಿನಕಾಯಿ, ಒಂದು ಗೋಣಿ ತೆಂಗಿನಕಾಯಿ, ಉಪ್ಪಿನಕಾಯಿ ಭರಣಿ, ಎಲ್ಲ ಹಿಡಿಸಿ ಮೇಲೆ ಹಪ್ಪಳದ ಡಬ್ಬ ಇಡಬಹುದು. ಯಾವ ರ‍್ಯಾಲಿ ಚಾಲಕನೂ ಹೀಗೆ ಭಾರ ಹೊತ್ತು ಘಾಟಿ ಹತ್ತಿರಲಾರ.

ಊರಿನಲ್ಲಿ ನಿಲ್ಲಿಸಿದಾಗ ಇಲಿಯ ಕಾಟ. ಒಂದು ರಾತ್ರಿ ಇಂಜೆಕ್ಟರಿನ ವೈರನ್ನೇ ಕಡಿದು ಹಾಕಿತ್ತು. ಅಂಗಡಿಯಲ್ಲಿ ಸಿಗುವ ಸ್ಪ್ರೇ ಎರಡು ಬಗೆಯದು ತಂದೆ, ಪ್ರಯೋಜನವಾಗಲಿಲ್ಲ. ಅಮ್ಮ ಎಲೆ ಅಡಿಕೆಯ ತಟ್ಟೆಯಿಂದ ಒಂದು ಹಿಡಿ ಹೊಗೆಸೊಪ್ಪು ತೆಗೆದು ಬಟ್ಟೆಯಲ್ಲಿ ಕಟ್ಟಿ ಬ್ಯಾಟರಿಯ ಪಕ್ಕ ಇಡಿಸಿದರು. ಐದು ವರ್ಷವಾಯಿತು, ಇಲಿ ಬಂದಿಲ್ಲ. ಮೇಸ್ತ್ರಿ ಪ್ರತಿ ಸಲ ಬಾನೆಟ್ ಎತ್ತಿದಾಗಲೂ ಸೀನುತ್ತಾರೆ.

ಕಾಗದಪತ್ರದ ವಿಷಯ. 15 ವರ್ಷ ತುಂಬಿದ ಮೇಲೆ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು, ಹಸಿರು ತೆರಿಗೆ ಬೇರೆ. 2019ರಲ್ಲಿ ನವೀಕರಣದ ಶುಲ್ಕ 600 ಇತ್ತು. 2024ರಲ್ಲಿ ಹೋದಾಗ 5,000. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಮಾಡಿದ್ದಾರೆ, ಅಂದರೆ 2029ರಲ್ಲಿ ನನ್ನ ಸರದಿ. ತಪಾಸಣೆಯ ದಿನ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಬೇಕಿತ್ತು. ಇಪ್ಪತ್ತು ವರ್ಷದ ಧೂಳು, ಜಿಡ್ಡು. ಅಂಕಿಗಳು ಮೂಡಲೇ ಇಲ್ಲ. ಕರವಸ್ತ್ರಕ್ಕೆ ಪೆಟ್ರೋಲ್ ಹಚ್ಚಿ ಒರೆಸಿ, ನಾಲ್ಕನೇ ಕಾಗದದಲ್ಲಿ ಅಕ್ಷರಗಳು ಒಂದೊಂದೇ ಬೆಳ್ಳಗೆ ಎದ್ದು ಬಂದಾಗ ಹತ್ತಿರ ನಿಂತಿದ್ದ ಏಜೆಂಟ್ ಕೇಳಿದ: "ಗುಜರಿಗೆ ಎಷ್ಟು ಕೊಡುತ್ತಾರೆ ಸಾರ್?"

ವಿಮೆ ಕಂಪನಿಗಳಿಗೂ ಇದು ಗುಜರಿಯೇ. ನನಗೆ ಥರ್ಡ್ ಪಾರ್ಟಿ ಮಾತ್ರ ಸುಲಭವಾಗಿ ಸಿಕ್ಕಿತು, ಪೂರ್ಣ ವಿಮೆಗೆ ಕಾಡಿ ಬೇಡಿ ಪಡೆದರೂ ಬೆಲೆ ಕಟ್ಟಿದ್ದು ನಾಲ್ಕು ಟೈರಿಗಿಂತ ಸ್ವಲ್ಪ ಹೆಚ್ಚು.

ಹೊಸ ತಲೆನೋವು ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲ್. ಈ ಕಾರು ಹುಟ್ಟಿದಾಗ ಅಂಥದ್ದೊಂದು ಬರುತ್ತದೆ ಎಂದು ಯಾರೂ ಲೆಕ್ಕ ಹಾಕಿರಲಿಲ್ಲ. ಎಥೆನಾಲ್‌ಗೆ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಹೆದ್ದಾರಿಯಲ್ಲಿ ಲೀಟರಿಗೆ 13 ಕಿಲೋಮೀಟರ್ ಕೊಡುತ್ತಿದ್ದದ್ದು 12ಕ್ಕೆ ಇಳಿದಿದೆ, ಊರೊಳಗೆ 9. ಮೈಲೇಜ್ ಹೋಗಲಿ, ಹಳೆಯ ರಬ್ಬರನ್ನು ಅದು ತಿನ್ನುತ್ತದೆ ಎಂಬ ಭಯಕ್ಕೆ ಕಳೆದ ವರ್ಷ ಪೆಟ್ರೋಲ್ ಪೈಪುಗಳನ್ನೆಲ್ಲ ಎಥೆನಾಲ್ ತಾಳುವ ಬಗೆಯವಕ್ಕೆ ಬದಲಿಸಿದೆ. ತೆಗೆದ ಹಳೆಯ ಪೈಪಿನ ಒಳಗೆ ಬೆರಳು ಹಾಕಿದರೆ ಮಸಿ ಅಂಟಿತು.

ಬಿಡಿಭಾಗ ಸಿಗುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಎಂಜಿನ್ನಿನದು ಸಿಗುತ್ತದೆ, ಏಕೆಂದರೆ ಇದೇ 1.8 ಟರ್ಬೊವನ್ನು ಆ ಕಾಲದ ಆಡಿ, ಫೋಕ್ಸ್‌ವ್ಯಾಗನ್ ಕಾರುಗಳಿಗೂ ಹಾಕಿದ್ದರು. ಸಾಮಾನ್ಯ ಆಕ್ಟೇವಿಯಾದ ಬಾಗಿಲು, ಗಾಜು, ಲೈಟು ಬೆಂಗಳೂರಿನ ಗುಜರಿಗಳಲ್ಲಿ ಹುಡುಕಿದರೆ ಇನ್ನೂ ಇವೆ. ಆರ್‌ಎಸ್‌ಗೆಂದೇ ಮಾಡಿದ ಬಂಪರ್, ಸೀಟಿನ ಬಟ್ಟೆ, ಆ ಸಣ್ಣ ಲಾಂಛನ ಮಾತ್ರ ಇಲ್ಲವೇ ಇಲ್ಲ. ಹಾಗಾಗಿ ಬಂಪರಿಗೆ ಯಾರಾದರೂ ಸ್ಕೂಟರ್ ತಾಗಿಸಿದರೆ ನನ್ನ ಜೀವ ಬಾಯಿಗೆ ಬರುತ್ತದೆ. ಭಾವನ ಮಗ ಜರ್ಮನಿಯಲ್ಲಿದ್ದಾನೆ. ಅವನು ಬರುವಾಗ ಬೇರೆಯವರಿಗೆ ಚಾಕೊಲೇಟ್, ನನಗೆ ಥರ್ಮೋಸ್ಟಾಟ್.

ನೋಟ್‌ಬುಕ್ಕಿನ ಪ್ರಕಾರ ಪೆಟ್ರೋಲ್, ವಿಮೆ ಬಿಟ್ಟು ಈವರೆಗೆ 6.7 ಲಕ್ಷ ಖರ್ಚಾಗಿದೆ, ಕೊಂಡ ಬೆಲೆಯ ಹತ್ತಿರ ಹತ್ತಿರ ಎರಡರಷ್ಟು. ಮನೆಯಲ್ಲಿ ಇದೊಂದೇ ಕಾರು ಎನ್ನುವವರಿಗೆ ನಾನು ಇದನ್ನು ಕೊಳ್ಳಿ ಎಂದು ಹೇಳಲಾರೆ. ನನ್ನಲ್ಲೂ ದಿನನಿತ್ಯಕ್ಕೆ ಬೇರೆ ಸಣ್ಣ ಕಾರಿದೆ. ಹತ್ತಿರದಲ್ಲಿ ಅಗರಬತ್ತಿ ಹಿಡಿಯುವ ಮೇಸ್ತ್ರಿ ಇಲ್ಲದವರಿಗಂತೂ ಬೇಡವೇ ಬೇಡ. ನಮ್ಮ ಮೇಸ್ತ್ರಿಗೆ ಈಗ ಎಪ್ಪತ್ತರ ಹತ್ತಿರ, ಮಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಇದು ನನಗೆ ಟೈಮಿಂಗ್ ಬೆಲ್ಟಿಗಿಂತ ದೊಡ್ಡ ಚಿಂತೆ.

ಸದ್ಯಕ್ಕೆ ಹಿಂದಿನ ಎಡಗಡೆಯ ಕಿಟಕಿ ಕೆಟ್ಟಿದೆ. ಗಾಜನ್ನು ಎತ್ತಿ ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್ ಮುರಿದು ಗಾಜು ಬಾಗಿಲೊಳಗೆ ಜಾರಿಬಿದ್ದಿತ್ತು. ಮೇಲೆತ್ತಿ ಅಡಿಗೆ ಅಡಿಕೆ ಮರದ ಸೀಳಿನ ಒಂದು ತುಂಡನ್ನು ಬೆಣೆಯಂತೆ ಹೊಡೆದಿದ್ದೇವೆ. ಕ್ಲಿಪ್ ಡಿಸೆಂಬರಿನಲ್ಲಿ ಬರಬೇಕು. ಅಲ್ಲಿಯವರೆಗೆ ಆ ಕಡೆ ಕುಳಿತವರು ಸ್ವಿಚ್ ಮುಟ್ಟಬಾರದು.