ಕ್ಯೂಜಿಐಎಸ್‌ಗೆ ಲೈವ್ ಡೇಟಾ ಜೋಡಿಸಿಕೊಂಡು ಆರು ವರ್ಷ: ಬಳಸಿದವರ ಮಾತು

ನನ್ನ ಕೆಲಸ ಬೇಸ್ ಮ್ಯಾಪ್ ಮಾಡಿಕೊಡುವುದು. ರಸ್ತೆ, ಚರಂಡಿ, ನೀರಿನ ಪೈಪು ಡಿಸೈನ್ ಮಾಡುವ ತಂಡ ಆ ಮ್ಯಾಪ್ ಮೇಲೆ ಕ್ಯಾಡ್‌ನಲ್ಲಿ, ಅಂದರೆ ಕಂಪ್ಯೂಟರ್‌ನಲ್ಲಿ ಡ್ರಾಯಿಂಗ್ ಮಾಡುವ ಸಾಫ್ಟ್‌ವೇರ್‌ನಲ್ಲಿ, ಗೆರೆ ಎಳೆಯುತ್ತದೆ. ಮೊದಲೆಲ್ಲ ಡೇಟಾ ಫೈಲ್ ರೂಪದಲ್ಲಿ ಕೈಗೆ ಬರುತ್ತಿತ್ತು. ಒಂದೇ ಜಾಗಕ್ಕೆ ಮೂರು ಶೇಪ್‌ಫೈಲ್ (ಮ್ಯಾಪ್ ಡೇಟಾ ಇಡುವ ಹಳೆಯ ಬಗೆಯ ಫೈಲ್), ಮೂರರಲ್ಲೂ ಗೆರೆ ಬೇರೆ ಬೇರೆ. ಯಾವುದು ಹೊಸದು ಅಂತ ಫೋನ್ ಮಾಡಿ ಕೇಳಬೇಕು. ಆ ಗೋಳಿನಿಂದ ಹೊರಬರಲು ಆರು ವರ್ಷದ ಹಿಂದೆ ಕ್ಯೂಜಿಐಎಸ್ ಅನ್ನುವ ಮ್ಯಾಪ್ ಸಾಫ್ಟ್‌ವೇರ್‌ನಲ್ಲಿ ಡೇಟಾ ಇರುವ ಸರ್ವರ್‌ಗಳಿಗೆ ನೇರ ಸಂಪರ್ಕ ಕೊಟ್ಟು ಕೆಲಸ ಮಾಡಲು ಶುರು ಮಾಡಿದೆ. ಇವತ್ತಿಗೂ ಅದನ್ನೇ ಬಳಸುತ್ತಿದ್ದೇನೆ, ಬಿಡುವ ಯೋಚನೆಯೂ ಇಲ್ಲ. ಆದರೆ ಹೊಸದಾಗಿ ಶುರು ಮಾಡುವವರಿಗೆ ಒಂದು ಮಾತು ಮೊದಲೇ ಹೇಳಬೇಕು. ಸಂಪರ್ಕ ಲೈವ್ ಇದ್ದ ಮಾತ್ರಕ್ಕೆ ಡೇಟಾ ತಾಜಾ ಇರುತ್ತದೆ ಅಂತ ಅಂದುಕೊಳ್ಳಬೇಡಿ. ಇದು ನನಗೆ ಅರ್ಥವಾಗಲು ಎರಡು ವರ್ಷ ಹಿಡಿಯಿತು.

ಸಾಫ್ಟ್‌ವೇರ್ ಬಗ್ಗೆ ಸ್ವಲ್ಪ. ಗ್ಯಾರಿ ಶೆರ್ಮನ್ 2002ರಲ್ಲಿ ಇದನ್ನು ಶುರು ಮಾಡಿದರು. ಉಚಿತ, ಮೂಲ ಕೋಡ್ ಎಲ್ಲರಿಗೂ ತೆರೆದಿದೆ. ನಾನು ಯಾವಾಗಲೂ ದೀರ್ಘಾವಧಿ ಬೆಂಬಲದ ಆವೃತ್ತಿಯನ್ನೇ ಹಾಕಿಕೊಳ್ಳುತ್ತೇನೆ. ಹೊಸ ಸೌಲಭ್ಯ ಸ್ವಲ್ಪ ತಡವಾಗಿ ಸಿಗುತ್ತದೆ, ಆದರೆ ಕೆಲಸದ ನಡುವೆ ಪ್ಲಗಿನ್ (ಸೇರಿಸಿಕೊಂಡ ಹೆಚ್ಚುವರಿ ಸಾಧನ) ಕೈಕೊಡುವುದು ಕಡಿಮೆ.

ಸಂಪರ್ಕ ಕೊಡುವುದು ನಿಜಕ್ಕೂ ಸುಲಭ. ಎಡಗಡೆಯ ಬ್ರೌಸರ್ ಪ್ಯಾನೆಲ್‌ನಲ್ಲಿ ಡಬ್ಲ್ಯುಎಂಎಸ್, ಡಬ್ಲ್ಯುಎಫ್‌ಎಸ್, ಎಕ್ಸ್‌ವೈಜೆಡ್ ಟೈಲ್ಸ್, ಪೋಸ್ಟ್‌ಗ್ರೆಸ್ ಡೇಟಾಬೇಸ್, ಆರ್ಕ್‌ಜಿಐಎಸ್ ರೆಸ್ಟ್ ಸರ್ವರ್, ಹೀಗೆ ಡೇಟಾ ತರಿಸುವ ಬಗೆಗಳೆಲ್ಲ ಸಾಲಾಗಿ ಇವೆ. ವಿಳಾಸ ಅಂಟಿಸಿದರೆ ಲೇಯರ್‌ಗಳ, ಅಂದರೆ ಮ್ಯಾಪ್‌ನ ಪದರಗಳ, ಪಟ್ಟಿ ಬರುತ್ತದೆ. ಬೇಕಾದ್ದನ್ನು ಎಳೆದು ಮ್ಯಾಪ್ ಮೇಲೆ ಹಾಕಿದರೆ ಆಯ್ತು.

ಇವೆಲ್ಲ ಒಂದೇ ಅಲ್ಲ ಅನ್ನುವುದು ಮಾತ್ರ ಗೊತ್ತಿರಬೇಕು. ಡಬ್ಲ್ಯುಎಂಎಸ್ ಕೊಡುವುದು ಚಿತ್ರ. ನೀವು ನೋಡುತ್ತಿರುವ ಚೌಕಕ್ಕೆ ಸರ್ವರ್ ಒಂದು ಚಿತ್ರ ಬಿಡಿಸಿ ಕಳಿಸುತ್ತದೆ. ಅದರ ಮೇಲೆ ಕ್ಲಿಕ್ ಮಾಡಿ ಮಾಹಿತಿ ಕೇಳಬಹುದು, ಆದರೆ ಗೆರೆಯನ್ನು ಹಿಡಿದು ಕ್ಯಾಡ್‌ಗೆ ಕೊಡಲು ಆಗುವುದಿಲ್ಲ. ಡಬ್ಲ್ಯುಎಫ್‌ಎಸ್ ಕೊಡುವುದು ಗೆರೆಯನ್ನೇ, ಬಿಂದುವನ್ನೇ, ಜೊತೆಗೆ ಅದರ ಹೆಸರು, ಅಳತೆ, ಎಲ್ಲ ಮಾಹಿತಿ. ಡಿಸೈನ್ ತಂಡಕ್ಕೆ ಬೇಕಾಗಿರುವುದು ಇದು. ಇನ್ನು ಟೈಲ್ಸ್ ಅಂದರೆ ಮೊದಲೇ ಬಿಡಿಸಿಟ್ಟ ಚೂರುಗಳು, ಸಾಮಾನ್ಯವಾಗಿ 256 ಪಿಕ್ಸೆಲ್ ಅಗಲ, 256 ಪಿಕ್ಸೆಲ್ ಎತ್ತರ. ಮೊದಲೇ ಬಿಡಿಸಿದ್ದರಿಂದಲೇ ಅವು ಬೇಗ ಬರುತ್ತವೆ. ಹಳೆಯದಾಗಿರುವ ಸಾಧ್ಯತೆ ಜಾಸ್ತಿ ಇರುವುದೂ ಅದೇ ಕಾರಣಕ್ಕೆ.

ತಾಜಾತನದ ಮಾತಿಗೆ ಬರುತ್ತೇನೆ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ ಭೂಕಂಪಗಳ ಜಿಯೋಜೇಸನ್ ಫೀಡ್ (ಮ್ಯಾಪ್ ಮೇಲೆ ನೇರ ಹಾಕಬಹುದಾದ ಡೇಟಾ) ಕೊಡುತ್ತದೆ, ನಿಮಿಷಕ್ಕೊಮ್ಮೆ ಹೊಸದಾಗುತ್ತದೆ. ನಾಸಾದ ಫರ್ಮ್ಸ್ ಸೇವೆ ಕಾಡಿನ ಬೆಂಕಿಯ ಬಿಂದುಗಳನ್ನು ಜಗತ್ತಿನ ಎಲ್ಲ ಕಡೆಗೂ ಉಪಗ್ರಹ ನೋಡಿದ 3 ಗಂಟೆಯೊಳಗೆ ಕೊಡುತ್ತದೆ. ನೆಲದ ಚಿತ್ರ ತೆಗೆಯುವ ಯುರೋಪಿನ ಸೆಂಟಿನೆಲ್-2ರ ಎರಡು ಉಪಗ್ರಹ ಸೇರಿ ಒಂದು ಜಾಗವನ್ನು ಮತ್ತೆ ನೋಡಲು ಸುಮಾರು 5 ದಿನ, ಮೋಡ ಇದ್ದರೆ ಇನ್ನೂ ತಡ. ಈ ಮೂರನ್ನೂ ಜನ ಲೈವ್ ಅಂತಲೇ ಕರೆಯುತ್ತಾರೆ, ಅಲ್ವಾ? ಇನ್ನು ಆಸ್ತಿ ಗಡಿ, ಪೈಪ್ ಜಾಲದಂಥ ಡೇಟಾ ಇದೆಯಲ್ಲ, ಅಲ್ಲಿ ಸರ್ವರ್ ಹಗಲು ರಾತ್ರಿ ಉತ್ತರ ಕೊಡುತ್ತಿರುತ್ತದೆ, ಒಳಗಿನ ಟೇಬಲ್ ಮಾತ್ರ ತಿಂಗಳುಗಟ್ಟಲೆ ಹಾಗೇ ಕೂತಿರುತ್ತದೆ. ಮ್ಯಾಪ್ ನೋಡಿದರೆ ಇದು ತಿಳಿಯುವುದಿಲ್ಲ. ಹಾಗಾಗಿ ಹೊಸ ಲೇಯರ್ ಹಾಕಿದ ತಕ್ಷಣ ನಾನು ಅದರ ಮಾಹಿತಿಯ ಪಟ್ಟಿ, ಅಂದರೆ ಆಟ್ರಿಬ್ಯೂಟ್ ಟೇಬಲ್, ತೆರೆಯುತ್ತೇನೆ. ಬದಲಾದ ದಿನಾಂಕದ ಕಾಲಂ ಇದ್ದರೆ ಅದರ ಪ್ರಕಾರ ಜೋಡಿಸಿ ಕೊನೆಯ ದಿನ ಯಾವುದು ಅಂತ ನೋಡುತ್ತೇನೆ. ಅಂಥ ಕಾಲಂ ಇಲ್ಲದಿದ್ದರೆ ಡೇಟಾ ಕೊಟ್ಟವರಿಗೆ ಬರೆದು ಕೇಳುತ್ತೇನೆ. ಉತ್ತರ ಬರುವವರೆಗೆ ಆ ಲೇಯರ್ ನೋಡಲು ಮಾತ್ರ, ಅಳೆಯಲು ಅಲ್ಲ.

ಲೇಯರ್ ಪ್ರಾಪರ್ಟೀಸ್‌ನ ರೆಂಡರಿಂಗ್ ಭಾಗದಲ್ಲಿ ಇಷ್ಟು ಸೆಕೆಂಡಿಗೊಮ್ಮೆ ರಿಫ್ರೆಶ್ ಮಾಡು ಅನ್ನುವ ಆಯ್ಕೆ ಇದೆ. ಹೊಸ ಆವೃತ್ತಿಗಳಲ್ಲಿ ಅದು ಎರಡು ಬಗೆ: ಸುಮ್ನೆ ಮತ್ತೆ ಬಿಡಿಸುವುದು, ಡೇಟಾವನ್ನೇ ಮತ್ತೆ ತರಿಸುವುದು. ಎರಡನೆಯದನ್ನು ನೋಡಿಕೊಂಡು ಬಳಸಿ. ನಿಮಿಷಕ್ಕೊಮ್ಮೆ ಬದಲಾಗುವ ಫೀಡ್‌ಗೆ 2 ಸೆಕೆಂಡು ಇಟ್ಟರೆ ನಿಮಗೆ ಹೊಸದೇನೂ ಸಿಗುವುದಿಲ್ಲ, ಸರ್ವರ್‌ಗೆ ಮಾತ್ರ ಹೊರೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಂಥ ಸಮುದಾಯದ ಟೈಲ್ ಸರ್ವರ್‌ಗಳು ದೇಣಿಗೆಯ ಮೇಲೆ ನಡೆಯುತ್ತವೆ. ಅಲ್ಲಿಂದ ಟೈಲ್‌ಗಳನ್ನು ರಾಶಿಗಟ್ಟಲೆ ಇಳಿಸಿಕೊಳ್ಳುವುದಕ್ಕೆ ನಿಯಮದಲ್ಲೇ ಅವಕಾಶವಿಲ್ಲ.

ನನಗೆ ಬಿದ್ದ ದೊಡ್ಡ ಪೆಟ್ಟು ಬೇರೆ ಕಡೆಯಿಂದ. ಒಂದು ಕಚೇರಿಯ ಡಬ್ಲ್ಯುಎಫ್‌ಎಸ್ ಸೇವೆಯಿಂದ ಮ್ಯಾನ್‌ಹೋಲ್‌ಗಳ ಲೇಯರ್ ತಂದಿದ್ದೆ. ಮ್ಯಾಪ್ ತುಂಬಾ ಬಿಂದುಗಳು, ಎಲ್ಲ ಸರಿ ಅನ್ನಿಸಿತು. ಡಿಸೈನ್ ತಂಡದ ಗೆಳತಿಯೊಬ್ಬಳು, 'ಈ ಬೀದಿಯಲ್ಲಿ ಒಂದೂ ಇಲ್ವಲ್ಲ, ಅಲ್ಲಿ ಹಳೇ ಚರಂಡಿ ಇದೆ' ಅಂದಳು. ಲೇಯರ್ ಮೇಲೆ ಬಲ ಕ್ಲಿಕ್ ಮಾಡಿ ಫೀಚರ್ ಕೌಂಟ್, ಅಂದರೆ ಒಟ್ಟು ಬಿಂದುಗಳ ಸಂಖ್ಯೆ, ತೋರಿಸಿದೆ. ಸರಿಯಾಗಿ 1000. ನೋಡಿ ಎದೆ ಧಸಕ್ಕೆಂದಿತು. ನಿಜವಾದ ಡೇಟಾ ಅಷ್ಟು ದುಂಡನೆಯ ಸಂಖ್ಯೆಗೆ ನಿಲ್ಲುವುದು ಅಪರೂಪ. ಒಂದು ಬಾರಿಗೆ ಇಷ್ಟೇ ಕೊಡುತ್ತೇನೆ ಅಂತ ಸರ್ವರ್‌ಗೆ ಮಿತಿ ಹಾಕಿದ್ದರು, ಉಳಿದದ್ದು ಬಂದಿರಲೇ ಇಲ್ಲ.

ಇದಕ್ಕೆ ಪರಿಹಾರ ಸಾಫ್ಟ್‌ವೇರ್‌ನಲ್ಲೇ ಇದೆ. ಡಬ್ಲ್ಯುಎಫ್‌ಎಸ್ 2.0 ಆವೃತ್ತಿಯಲ್ಲಿ ಡೇಟಾವನ್ನು ಪುಟ ಪುಟವಾಗಿ ಕೇಳಬಹುದು. ಕ್ಯೂಜಿಐಎಸ್‌ನ ಸಂಪರ್ಕದ ಕಿಟಕಿಯಲ್ಲಿ ಆವೃತ್ತಿ ಆರಿಸಿ, ಪೇಜಿಂಗ್ ಆನ್ ಮಾಡಿ, ಪುಟದ ಗಾತ್ರ ಸರ್ವರ್‌ನ ಮಿತಿಗಿಂತ ಕಡಿಮೆ ಇಟ್ಟರೆ ಪೂರ್ತಿ ಬರುತ್ತದೆ. ಹಳೆಯ 1.0, 1.1 ಆವೃತ್ತಿಯ ಮಾನಕದಲ್ಲಿ ಈ ಸೌಲಭ್ಯ ಇಲ್ಲ. ಅಲ್ಲಿ ಪ್ರದೇಶವನ್ನು ಚಿಕ್ಕ ಚಿಕ್ಕ ಭಾಗ ಮಾಡಿ ಕೇಳಬೇಕು. ಆರ್ಕ್‌ಜಿಐಎಸ್ ರೆಸ್ಟ್ ಸೇವೆಗಳಲ್ಲೂ ಒಂದು ಬಾರಿಗೆ ಇಷ್ಟು ದಾಖಲೆ ಅನ್ನುವ ಮಿತಿ ಇರುತ್ತದೆ, ಸೇವೆಯ ವಿವರದ ಪುಟದಲ್ಲಿ ಅದನ್ನು ಬರೆದಿರುತ್ತಾರೆ. ಅಂದಿನಿಂದ 1000, 2000, 5000 ಅಂತ ಕಂಡರೆ ನಾನು ಮುಂದೆ ಹೋಗುವುದೇ ಇಲ್ಲ.

ಅಕ್ಷಾಂಶ ರೇಖಾಂಶ ಅದಲು ಬದಲಾಗುವ ತೊಂದರೆಯೂ ಬಹಳ ಜನರನ್ನು ಕಾಡುತ್ತದೆ. ಡಬ್ಲ್ಯುಎಂಎಸ್ 1.1.1ರಲ್ಲಿ ರೇಖಾಂಶ ಮೊದಲು. 1.3.0ರಲ್ಲಿ ಇಪಿಎಸ್‌ಜಿ 4326ಕ್ಕೆ (ಡಿಗ್ರಿಯಲ್ಲಿ ಅಳೆಯುವ ಅಕ್ಷಾಂಶ ರೇಖಾಂಶ ಪದ್ಧತಿಯ ಸಂಕೇತ) ಅಕ್ಷಾಂಶ ಮೊದಲು. ಸರ್ವರ್ ಒಂದು ರೀತಿ, ನೀವು ಇನ್ನೊಂದು ರೀತಿ ಕೇಳಿದರೆ ಖಾಲಿ ಚಿತ್ರ ಬರುತ್ತದೆ, ಇಲ್ಲವೇ ಲೇಯರ್ ಎಲ್ಲೋ ದೂರದಲ್ಲಿ ಕಾಣಿಸುತ್ತದೆ. ಸಂಪರ್ಕದ ಕಿಟಕಿಯಲ್ಲಿ ಅಕ್ಷದ ದಿಕ್ಕು ಬಿಟ್ಟುಬಿಡು, ತಿರುಗಿಸು ಅನ್ನುವ ಎರಡು ಟಿಕ್ ಇವೆ. ಒಂದನ್ನು ಹಾಕಿ ನೋಡಿ, ಬಹುತೇಕ ಸರಿಹೋಗುತ್ತದೆ.

ಈಗ ಕ್ಯಾಡ್ ಕಡೆಗೆ. ಇಲ್ಲಿ ತಪ್ಪಾದರೆ ಕಾಗದದ ಮೇಲಿನ ತಪ್ಪು ನೆಲಕ್ಕೇ ಇಳಿಯುತ್ತದೆ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಖಾಲಿ ಪ್ರಾಜೆಕ್ಟ್‌ನಲ್ಲಿ ಮೊದಲು ಟೈಲ್ ಲೇಯರ್ ಹಾಕಿದರೆ, ಕ್ಯೂಜಿಐಎಸ್ ಸಾಮಾನ್ಯವಾಗಿ ಆ ಲೇಯರ್‌ನ ವೆಬ್ ಮರ್ಕೇಟರ್ (ದುಂಡನೆಯ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಒಂದು ಬಗೆ) ಪದ್ಧತಿಯನ್ನೇ, ಅಂದರೆ ಇಪಿಎಸ್‌ಜಿ 3857ನ್ನೇ, ಇಡೀ ಪ್ರಾಜೆಕ್ಟ್‌ಗೆ ತೆಗೆದುಕೊಳ್ಳುತ್ತದೆ. ಆ ಪದ್ಧತಿಯಲ್ಲಿ ಅಂಕೆ ಮೀಟರ್‌ನಲ್ಲೇ ಇರುತ್ತದೆ, ಆದರೆ ಅದು ನೆಲದ ಮೀಟರ್ ಅಲ್ಲ. ಸಮಭಾಜಕದಿಂದ ದೂರ ಹೋದಷ್ಟೂ ಹಿಗ್ಗುತ್ತದೆ. 15 ಡಿಗ್ರಿ ಅಕ್ಷಾಂಶದಲ್ಲಿ ನೆಲದ 100 ಮೀಟರ್ ಸುಮಾರು 103.5 ಆಗುತ್ತದೆ. 45 ಡಿಗ್ರಿಯಲ್ಲಿ ಸುಮಾರು 141. 60 ಡಿಗ್ರಿಯಲ್ಲಿ ಎರಡರಷ್ಟು. ಕ್ಯೂಜಿಐಎಸ್ ಒಳಗೆ ಅಳತೆಪಟ್ಟಿಯಿಂದ ಅಳೆದರೆ ಇದು ಗೊತ್ತೇ ಆಗುವುದಿಲ್ಲ. ಯಾಕೆಂದರೆ ಅದು ಭೂಮಿಯ ಎಲಿಪ್ಸಾಯ್ಡ್ (ಸ್ವಲ್ಪ ಚಪ್ಪಟೆಯಾದ ಗೋಳ) ಮೇಲೆ ಲೆಕ್ಕ ಹಾಕಿ ಸರಿಯಾದ ಉದ್ದ ತೋರಿಸುತ್ತದೆ. ಅದೇ ಗೆರೆ ಡಿಎಕ್ಸ್‌ಎಫ್ (ಕ್ಯಾಡ್ ಓದುವ ಫೈಲ್) ಆಗಿ ಕ್ಯಾಡ್‌ಗೆ ಹೋದರೆ, ಅಲ್ಲಿ ಲೆಕ್ಕ ಸಮತಟ್ಟು ಹಾಳೆಯ ಮೇಲೆ. ಹಿಗ್ಗಿದ ಉದ್ದವೇ ನಿಜ ಆಗಿಬಿಡುತ್ತದೆ.

ನಾನು ಒಮ್ಮೆ ಹೀಗೇ ಕೊಟ್ಟುಬಿಟ್ಟಿದ್ದೆ. ಪೈಪಿನ ಉದ್ದದ ಲೆಕ್ಕ ಎರಡು ಕಡೆ ಹೊಂದದೇ ಇದ್ದಾಗ ಸಿಕ್ಕಿಬಿತ್ತು. ಪೈಪು ತರಿಸುವ ಮೊದಲೇ ಗೊತ್ತಾದದ್ದು ಪುಣ್ಯ. ತಪ್ಪು ಪೂರ್ತಿ ನನ್ನದೇ. ಡಿಎಕ್ಸ್‌ಎಫ್ ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಕೋಆರ್ಡಿನೇಟ್ ಪದ್ಧತಿ ಕೇಳುತ್ತದೆ, ನಾನು ಓದದೆ ಓಕೆ ಒತ್ತಿದ್ದೆ. ಈಗ ಪ್ರಾಜೆಕ್ಟ್ ತೆರೆದ ತಕ್ಷಣ ಮಾಡುವ ಮೊದಲ ಕೆಲಸ ಆ ಜಾಗದ ಯುಟಿಎಂ ವಲಯ (ಭೂಮಿಯನ್ನು ಪಟ್ಟಿಗಳಾಗಿ ಭಾಗಿಸಿ ಮೀಟರ್‌ನಲ್ಲಿ ಅಳೆಯುವ ಪದ್ಧತಿ) ಅಥವಾ ಸ್ಥಳೀಯ ಪದ್ಧತಿ ಇಡುವುದು. ಕ್ಯಾಡ್ ತಂಡದ ಜೊತೆ ಒಂದು ಒಪ್ಪಂದವೂ ಇದೆ: ಫೈಲ್ ತೆರೆದ ಕೂಡಲೇ ಗೊತ್ತಿರುವ ಎರಡು ಬಿಂದುಗಳ ನಡುವೆ ಅಳೆದು ನನಗೆ ಹೇಳಬೇಕು. ಯೂನಿಟ್ ಮೀಟರೋ ಮಿಲಿಮೀಟರೋ ಅನ್ನುವ ಗೊಂದಲವೂ ಅಲ್ಲೇ ಬಯಲಾಗುತ್ತದೆ. ಯುಟಿಎಂ ಅಂಕೆಗಳು ಲಕ್ಷಗಳಲ್ಲಿ ಇರುವುದರಿಂದ ಕೆಲವು ಕ್ಯಾಡ್ ಡ್ರಾಯಿಂಗ್‌ಗಳಲ್ಲಿ ಹ್ಯಾಚ್ (ಜಾಗ ತುಂಬುವ ಗೆರೆಗಳ ವಿನ್ಯಾಸ) ಒಡೆದು ಕಾಣುತ್ತದೆ, ಗೆರೆ ನಡುಗುತ್ತದೆ. ಆಗ ಮೂಲ ಬಿಂದುವನ್ನು ಇಷ್ಟು ಸರಿಸಿದ್ದೇವೆ ಅಂತ ಡ್ರಾಯಿಂಗ್ ಮೇಲೆಯೇ ಬರೆದುಕೊಳ್ಳುತ್ತಾರೆ.

ಕ್ಯಾಡ್‌ನಿಂದಲೇ ನೇರ ಸಂಪರ್ಕ ಬೇಕು ಅನ್ನುವವರಿಗೂ ದಾರಿ ಇದೆ. ಆಟೋಕ್ಯಾಡ್ ಮ್ಯಾಪ್ 3ಡಿ ಎಫ್‌ಡಿಒ ಅನ್ನುವ ವ್ಯವಸ್ಥೆಯ ಮೂಲಕ ಡಬ್ಲ್ಯುಎಂಎಸ್, ಡಬ್ಲ್ಯುಎಫ್‌ಎಸ್, ಡೇಟಾಬೇಸ್‌ಗಳಿಗೆ ಸೇರುತ್ತದೆ. ಆರ್ಕ್‌ಜಿಐಎಸ್ ಫಾರ್ ಆಟೋಕ್ಯಾಡ್ ಅನ್ನುವ ಉಚಿತ ಪ್ಲಗಿನ್ ಕೂಡ ಇದೆ. ನಮ್ಮ ತಂಡ ಎರಡನ್ನೂ ನೋಡಿತು. ಕೊನೆಗೆ ಡಿಎಕ್ಸ್‌ಎಫ್ ದಾರಿಯಲ್ಲೇ ಉಳಿದೆವು. ಡ್ರಾಯಿಂಗ್ ಕೆಳಗಿನ ಗೆರೆ ತಾನಾಗಿ ಸರಿಯುವುದು ಡಿಸೈನ್ ಮಾಡುವವರಿಗೆ ಬೇಡವಾಗಿತ್ತು. ಅವರ ಮಾತು ನನಗೂ ಸರಿ ಅನ್ನಿಸಿತು. ನೋಡುವಾಗ ಲೈವ್ ಇರಲಿ, ಡಿಸೈನ್ ಶುರುವಾದ ದಿನ ಡೇಟಾ ಒಂದು ಕಡೆ ನಿಲ್ಲಬೇಕು.

ಅದಕ್ಕೆ ನನ್ನ ಕ್ರಮ ಹೀಗಿದೆ. ಡಬ್ಲ್ಯುಎಫ್‌ಎಸ್ ಲೇಯರ್ ಪೂರ್ತಿ ಬಂದಿದೆ ಅಂತ ಖಚಿತ ಮಾಡಿಕೊಂಡು ಜಿಯೋಪ್ಯಾಕೇಜ್‌ಗೆ ಉಳಿಸುತ್ತೇನೆ. ಒಂದೇ ಫೈಲ್, ಒಳಗೆ ಎಷ್ಟು ಲೇಯರ್ ಬೇಕಾದರೂ ಇಡಬಹುದು, ಶೇಪ್‌ಫೈಲ್‌ನ ಹತ್ತು ಅಕ್ಷರದ ಕಾಲಂ ಹೆಸರಿನ ಕಾಟ ಇಲ್ಲ. ಲೇಯರ್ ಹೆಸರಿನಲ್ಲೇ ತಂದ ದಿನಾಂಕ, ಬಂದ ಫೀಚರ್‌ಗಳ ಸಂಖ್ಯೆ. ಲೈವ್ ಲೇಯರ್ ಕೂಡ ಅದೇ ಪ್ರಾಜೆಕ್ಟ್‌ನಲ್ಲಿ ಇರುತ್ತದೆ, ಕೆಂಪು ಬಣ್ಣದಲ್ಲಿ, ಉಳಿಸಿದ್ದರ ಕೆಳಗೆ. ಸರ್ವರ್‌ನಲ್ಲಿ ಏನಾದರೂ ಬದಲಾದರೆ ಕೆಂಪು ಅಂಚು ಹೊರಗೆ ಇಣುಕುತ್ತದೆ. ಆಗ ಕೂತು ಮಾತಾಡಿ, ಬೇಕಿದ್ದರೆ ಹೊಸದನ್ನು ತೆಗೆದುಕೊಳ್ಳುತ್ತೇವೆ.

ಪಾಸ್‌ವರ್ಡ್ ವಿಷಯದಲ್ಲಿ ಕ್ಯೂಜಿಐಎಸ್ ನನಗೆ ತುಂಬಾ ಇಷ್ಟ. ಅಥೆಂಟಿಕೇಶನ್ ಮ್ಯಾನೇಜರ್‌ನಲ್ಲಿ ಹಾಕಿದರೆ ಅದು ಬೀಗ ಹಾಕಿದ ಬೇರೆ ಡೇಟಾಬೇಸ್‌ನಲ್ಲಿ ಉಳಿಯುತ್ತದೆ. ಪ್ರಾಜೆಕ್ಟ್ ಫೈಲ್‌ನಲ್ಲಿ ಒಂದು ಗುರುತು ಮಾತ್ರ. ಸಂಪರ್ಕದ ಕಿಟಕಿಯ ಬೇಸಿಕ್ ಭಾಗದಲ್ಲಿ ತುಂಬಿದರೆ ಪಾಸ್‌ವರ್ಡ್ ಹಾಗೇ ಓದಲು ಸಿಗುವಂತೆ ಫೈಲ್‌ಗೆ ಹೋಗಬಹುದು. ಫೈಲ್ ಹಂಚುವ ಮುನ್ನ ನೋಡಿಕೊಳ್ಳಿ.

ಬೇಸರದ ಸಂಗತಿಯೂ ಇದೆ. ಹತ್ತು ಹದಿನೈದು ಸರ್ವರ್ ಜೋಡಿಸಿದ ಪ್ರಾಜೆಕ್ಟ್ ತೆರೆಯುವಾಗ ಒಂದು ಸರ್ವರ್ ನಿಧಾನವಾದರೂ ಎಲ್ಲರೂ ಕಾಯಬೇಕು. ನಾನು ವಿಷಯಕ್ಕೊಂದು ಚಿಕ್ಕ ಪ್ರಾಜೆಕ್ಟ್ ಮಾಡಿಟ್ಟುಕೊಂಡಿದ್ದೇನೆ. ಡಬ್ಲ್ಯುಎಂಎಸ್ ಚಿತ್ರವನ್ನು ಪ್ರಿಂಟ್ ಮಾಡಿದರೆ ಅಕ್ಷರಗಳು ಇರುವೆ ಸಾಲಿನ ಹಾಗೆ ಚಿಕ್ಕದಾಗುವುದೂ ಉಂಟು. ರೆಸಲ್ಯೂಶನ್ ಇಳಿಸಿ ನೋಡುವುದು ಬಿಟ್ಟರೆ ಬಳಕೆದಾರರ ಕೈಯಲ್ಲಿ ಹೆಚ್ಚೇನಿಲ್ಲ.

ಕಳೆದ ವರ್ಷದಿಂದ ನಮ್ಮದೇ ಪೋಸ್ಟ್‌ಜಿಐಎಸ್ (ಮ್ಯಾಪ್ ಡೇಟಾ ಇಡಲು ಪೋಸ್ಟ್‌ಗ್ರೆಸ್‌ಗೆ ಸೇರಿಸುವ ಭಾಗ) ಡೇಟಾಬೇಸ್ ಇಟ್ಟುಕೊಂಡಿದ್ದೇವೆ. ಅಲ್ಲಿ ಸಮಯ ನೋಡಿ ರಿಫ್ರೆಶ್ ಮಾಡುವ ಅಗತ್ಯವೇ ಇಲ್ಲ. ಟೇಬಲ್ ಬದಲಾದಾಗ ಡೇಟಾಬೇಸ್ ಒಂದು ಸೂಚನೆ ಕಳಿಸುವಂತೆ ಟ್ರಿಗರ್ (ತಾನಾಗಿ ಓಡುವ ಆದೇಶ) ಬರೆದು, ಲೇಯರ್‌ನಲ್ಲಿ ಸೂಚನೆ ಬಂದರೆ ರಿಫ್ರೆಶ್ ಮಾಡು ಅನ್ನುವ ಟಿಕ್ ಹಾಕಿದರೆ ಸಾಕು. ಸಹೋದ್ಯೋಗಿ ಹೊರಗೆ ಅಳತೆ ಮಾಡಿ ಒಂದು ವಾಲ್ವ್ ಸೇರಿಸುತ್ತಾನೆ, ನನ್ನ ಪರದೆಯ ಮೇಲೆ ಆ ಬಿಂದು ಮೂಡುತ್ತದೆ. ಅದರ ಪಕ್ಕದ ಕಾಲಂನಲ್ಲಿ ಯಾರು, ಯಾವ ದಿನ, ಎಷ್ಟು ಹೊತ್ತಿಗೆ ಸೇರಿಸಿದರು ಅಂತ ಇರುತ್ತದೆ. ಆ ಕಾಲಂ ಇಲ್ಲದ ಟೇಬಲ್ ನಮ್ಮಲ್ಲಿ ಈಗ ಒಂದೂ ಇಲ್ಲ.